ಡಾ. ಬ್ಯಾರಿ ಕಾಲೇಜು ಸೇರಿದ ಕಥೆ

ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಬ್ಯಾಂಕ್ ಪರೀಕ್ಷೆಗಳಿಗೆ ಓದುತ್ತಾ, ಮಧ್ಯಾಹ್ನದ ಮೇಲೆ ಕೋಟೇಶ್ವರದ ಒಂದು ಸೈಬರ್ ಅಂಗಡಿಯಲ್ಲಿ ಕೂರುತ್ತೇನೆ. ಪಿಯುಸಿ ಫಲಿತಾಂಶ ಬಂದ ಮೇಲೆ ನಮ್ಮಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಡಿಗ್ರಿ ಅರ್ಜಿ, ಹಾಸ್ಟೆಲ್ ಅರ್ಜಿ, ವಿದ್ಯಾರ್ಥಿವೇತನ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಹೀಗೆ ಒಂದರ ಹಿಂದೆ ಒಂದು. ಕೆಲಸ ಬೇಗ ಮುಗಿಯಲಿ ಎಂದು ನಾನು ಅಂಕಪಟ್ಟಿ ಕೈಗೆ ತೆಗೆದುಕೊಂಡು, ಅದರಲ್ಲಿದ್ದದ್ದನ್ನು ಜೋರಾಗಿ ಓದುತ್ತಾ ಟೈಪ್ ಮಾಡುತ್ತಿದ್ದೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ಲಿಂಗ. ಎದುರಿಗಿದ್ದವರು ಹೂಂ ಎಂದರೆ ಮುಂದಿನ ಸಾಲಿಗೆ ಹೋಗುವುದು.

ಒಂದು ಮಳೆಯ ಸಂಜೆ, ನನಗಿಂತ ನಾಲ್ಕೈದು ವರ್ಷ ಚಿಕ್ಕವರೊಬ್ಬರು ಬಂದರು. ಬೇರೆಯವರೆಲ್ಲ ಹೋಗಲಿ ಎಂದು ಮೂಲೆಯಲ್ಲಿ ಕಾಯುತ್ತಿದ್ದರು. ನಾನೇ ಕರೆದೆ. ಅಂಕಪಟ್ಟಿ ಇಸಿದುಕೊಂಡು ಎಂದಿನಂತೆ ಹೆಸರು ಜೋರಾಗಿ ಓದಿದೆ. ಆ ಹೆಸರಿಗೂ ಎದುರಿಗೆ ಕೂತವರ ಉಡುಪಿಗೂ ಹೊಂದುತ್ತಿರಲಿಲ್ಲ. ಹಿಂದೆ ನಿಂತಿದ್ದ ಇಬ್ಬರು ನಕ್ಕರು. ಲಿಂಗ ಎಂಬ ಸಾಲಿಗೆ ಬಂದಾಗ, ಮೂರನೆಯ ಆಯ್ಕೆ ಒತ್ತಿದರೆ ಸೀಟು ತಪ್ಪಿಹೋಗುತ್ತದೆಯೇ ಎಂದು ಅವರು ಬಹಳ ಸಣ್ಣ ದನಿಯಲ್ಲಿ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಅಂಕಪಟ್ಟಿಯಲ್ಲಿ ಇದ್ದ ಹಾಗೆಯೇ ಹಾಕಬೇಕಾಗುತ್ತದೆ ಎಂದುಬಿಟ್ಟೆ. ಅವರು ಕಾಗದಗಳನ್ನು ಮಡಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡು ಮಳೆಯಲ್ಲೇ ಹೊರಟುಹೋದರು. ಅರ್ಧ ತುಂಬಿದ ಅರ್ಜಿ ಪರದೆಯ ಮೇಲೆ ಹಾಗೆಯೇ ಉಳಿಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಇಂಥವರು ಹಿಂದೆ ಕಾಲೇಜು ಸೇರಿದ್ದು ಹೇಗೆ ಎಂದು ಹುಡುಕುತ್ತಾ ಹೋದೆ. ಆಗ ಸಿಕ್ಕಿದವರು ಡಾ. ಜೇಮ್ಸ್ ಬ್ಯಾರಿ. ನಮ್ಮ ಕರಾವಳಿಯಲ್ಲಿ ಬ್ಯಾರಿ ಎಂದರೆ ನೆರೆಕರೆಯ ಮುಸ್ಲಿಂ ಬಾಂಧವರು ನೆನಪಾಗುತ್ತಾರೆ. ಇವರು ಐರ್ಲೆಂಡಿನ ಬ್ಯಾರಿ. ಇನ್ನೂರು ವರ್ಷಗಳ ಹಿಂದೆ ಒಂದು ವೈದ್ಯಕೀಯ ಕಾಲೇಜಿನ ಬಾಗಿಲು ತಟ್ಟಿದವರು. ಅವರ ಬದುಕನ್ನು ಗೆಳೆಯರಿಗೆ ಹೇಳಬೇಕು ಅನ್ನಿಸಿತು.

ಬ್ಯಾರಿ ಹುಟ್ಟಿದ್ದು ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ, ಸುಮಾರು 1789ರಲ್ಲಿ. ಹೆಣ್ಣುಮಗುವೆಂದು ಬಗೆದು ಮನೆಯವರು ಇಟ್ಟ ಹೆಸರು ಮಾರ್ಗರೆಟ್ ಆನ್ ಬಲ್ಕ್ಲಿ. ಚರಿತ್ರೆ ತಿಳಿಯಲು ಆ ಹೆಸರು ಬೇಕು, ಹಾಗಾಗಿ ಒಂದು ಸಲ ಬರೆದಿದ್ದೇನೆ. ಅವರು ಜೀವಮಾನವೆಲ್ಲ ಬಳಸಿದ್ದು ಇನ್ನೊಂದು ಹೆಸರನ್ನು. ನಾನೂ ಅದನ್ನೇ ಬಳಸುತ್ತೇನೆ.

ತಂದೆ ಜೆರೆಮಿಯಾ ಬಲ್ಕ್ಲಿ ಪಟ್ಟಣದ ತೂಕದ ಮನೆಯಲ್ಲಿ ಕೆಲಸಕ್ಕಿದ್ದರು. ಆ ಕೆಲಸ ಹೋಯಿತು, ಸಾಲ ಬೆಳೆಯಿತು. ಇದ್ದಬದ್ದ ಹಣವೆಲ್ಲ ಮಗ ಜಾನ್‌ನ ಓದು ಮತ್ತು ಮದುವೆಗೆ ಖರ್ಚಾಗಿತ್ತು. ಇನ್ನೊಂದು ಮಗುವಿನ ಓದಿಗೆ ಎಂದು ಯಾರೂ ಏನನ್ನೂ ಎತ್ತಿಟ್ಟಿರಲಿಲ್ಲ. ನಮ್ಮೂರಿನ ಎಷ್ಟೋ ಮನೆಗಳ ಕಥೆಯೂ ಇದೇ ತಾನೇ. ಕೊನೆಗೆ ತಾಯಿ ಮೇರಿ ಆನ್ ಮಗುವನ್ನು ಕರೆದುಕೊಂಡು ಲಂಡನ್ನಿಗೆ ಬಂದರು. ಅಲ್ಲಿ ತಾಯಿಯ ಅಣ್ಣ ಇದ್ದರು. ಅವರ ಹೆಸರೂ ಜೇಮ್ಸ್ ಬ್ಯಾರಿಯೇ. ಆ ಕಾಲದ ಹೆಸರಾಂತ ಚಿತ್ರಕಾರ, ರಾಯಲ್ ಅಕಾಡೆಮಿಯಲ್ಲಿ ಪ್ರಾಧ್ಯಾಪಕರಾಗಿದ್ದವರು. ಜಗಳಗಂಟ ಎಂಬ ಹೆಸರೂ ಅವರಿಗಿತ್ತು. ತಂಗಿಯ ಸಂಸಾರದ ಬಗ್ಗೆ ಹೆಚ್ಚು ಕಾಳಜಿ ತೋರಿಸಿದವರಲ್ಲ. ಆದರೆ 1806ರಲ್ಲಿ ಅವರು ತೀರಿಕೊಂಡಾಗ, ಅವರು ಬಿಟ್ಟುಹೋದ ಆಸ್ತಿಯಲ್ಲಿ ಒಂದು ಪಾಲು ತಾಯಿ ಮಗುವಿಗೆ ಬಂತು. ಅದಕ್ಕಿಂತ ದೊಡ್ಡ ಆಸ್ತಿ ಎಂದರೆ ಆ ಚಿತ್ರಕಾರರ ಗೆಳೆಯರ ಬಳಗ.

ಆ ಬಳಗದಲ್ಲಿ ಮೂವರು ಮುಖ್ಯರು. ಒಬ್ಬರು ವೈದ್ಯ ಎಡ್ವರ್ಡ್ ಫ್ರೈಯರ್, ಪಾಠ ಹೇಳಿಕೊಟ್ಟವರು. ಇನ್ನೊಬ್ಬರು ಬುಕನ್ ಪ್ರಾಂತದ ಅರ್ಲ್ ಡೇವಿಡ್ ಸ್ಟೂವರ್ಟ್ ಎರ್ಸ್ಕಿನ್, ಹೆಣ್ಣುಮಕ್ಕಳೂ ಓದಬೇಕು ಎಂದು ನಂಬಿದ್ದ ಸ್ಕಾಟ್ಲೆಂಡಿನ ಶ್ರೀಮಂತ. ಮೂರನೆಯವರು ವೆನೆಜುವೆಲಾದ ಕ್ರಾಂತಿಕಾರಿ ಜನರಲ್ ಫ್ರಾನ್ಸಿಸ್ಕೊ ದೆ ಮಿರಾಂಡ. ತಾಯ್ನಾಡಿನ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಾ ಲಂಡನ್ನಿನಲ್ಲಿ ನೆಲೆಸಿದ್ದ ಅವರ ಮನೆಯಲ್ಲಿ ದೊಡ್ಡ ಗ್ರಂಥಾಲಯವಿತ್ತು. ಆ ಪುಸ್ತಕಗಳ ಬಾಗಿಲು ಈ ಮಗುವಿಗೆ ತೆರೆಯಿತು.

ಓದುವ ತಲೆ ಇತ್ತು, ಕಲಿಸುವವರು ಇದ್ದರು, ಸ್ವಲ್ಪ ಹಣವೂ ಇತ್ತು. ಇಲ್ಲದ್ದು ಒಂದೇ. ಅಂದಿನ ಬ್ರಿಟನ್ನಿನ ಯಾವ ವಿಶ್ವವಿದ್ಯಾಲಯವೂ ಹೆಣ್ಣು ಎಂದು ಬರೆಸಿಕೊಂಡವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಇಂದಿನ ಅರ್ಜಿಯಲ್ಲಿ ಲಿಂಗಕ್ಕೆ ಒಂದು ಸಾಲು ಇರುತ್ತದೆ. ಅಂದು ಆ ಸಾಲೇ ಬೇಕಿರಲಿಲ್ಲ, ಒಂದೇ ಉತ್ತರಕ್ಕೆ ಅವಕಾಶವಿತ್ತು.

1809ರ ನವೆಂಬರ್ ಕೊನೆಯಲ್ಲಿ ಲಂಡನ್ನಿನಿಂದ ಸ್ಕಾಟ್ಲೆಂಡಿನ ಲೀತ್ ಬಂದರಿಗೆ ಹೊರಟ ಹಡಗಿನಲ್ಲಿ ಮೇರಿ ಆನ್ ಇದ್ದರು. ಜೊತೆಯಲ್ಲಿ ಒಬ್ಬ ಕುಳ್ಳ ತರುಣ, ಹೆಸರು ಜೇಮ್ಸ್ ಬ್ಯಾರಿ. ಮುಂದೆ ಪೂರ್ತಿ ಹೆಸರು ಜೇಮ್ಸ್ ಮಿರಾಂಡ ಸ್ಟೂವರ್ಟ್ ಬ್ಯಾರಿ ಎಂದಾಯಿತು. ಸೋದರಮಾವನಿಂದ ಮೊದಲ ಮತ್ತು ಕೊನೆಯ ಹೆಸರು, ಜನರಲ್‌ನಿಂದ ಒಂದು, ಅರ್ಲ್‌ನಿಂದ ಇನ್ನೊಂದು. ಹಡಗು ಹತ್ತಿದ ಕ್ಷಣದಿಂದ ತಾಯಿ ಲೋಕದ ಕಣ್ಣಿಗೆ ಚಿಕ್ಕಮ್ಮನಾದರು. ಸ್ವಂತ ತಾಯಿಯನ್ನು ಅಮ್ಮ ಎಂದು ನಾಲ್ಕು ಜನರ ಎದುರು ಕರೆಯುವ ಹಾಗಿಲ್ಲ. ಕಾಲೇಜು ಸೇರಲು ತೆತ್ತ ಮೊದಲ ಶುಲ್ಕ ಅದು.

ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆ ಅಂದು ಯುರೋಪಿನಲ್ಲೇ ಹೆಸರುವಾಸಿ. ಅಂಗರಚನಾಶಾಸ್ತ್ರ, ರಸಾಯನಶಾಸ್ತ್ರ, ಔಷಧ, ಪ್ರಸೂತಿ ಎಂದು ಸಾಲುಸಾಲು ಪಾಠಗಳು. ಪ್ರಬಂಧವನ್ನು ಲ್ಯಾಟಿನ್ ಭಾಷೆಯಲ್ಲಿ ಬರೆಯಬೇಕು. ಬ್ಯಾರಿ ತಲೆತಗ್ಗಿಸಿ ಓದಿದರು. ಗಡ್ಡ ಮೀಸೆ ಬಾರದ ಮುಖ, ಸಣ್ಣ ದನಿ, ಪುಟ್ಟ ದೇಹ. ಇನ್ನೂ ಹರೆಯಕ್ಕೆ ಬಾರದ ಹುಡುಗ ಇರಬೇಕು ಎಂದು ಎಲ್ಲರೂ ಅಂದುಕೊಂಡರು. ಆ ಅನುಮಾನವೇ ಕೊನೆಗೆ ಅಡ್ಡಬಂತು. ಇಷ್ಟು ಚಿಕ್ಕವನಿಗೆ ಅಂತಿಮ ಪರೀಕ್ಷೆಗೆ ಅವಕಾಶ ಕೊಡಲಾಗದು ಎಂದು ವಿಶ್ವವಿದ್ಯಾಲಯದ ಸೆನೆಟ್ ತಕರಾರು ತೆಗೆಯಿತು. ಮೂರು ವರ್ಷದ ಶ್ರಮ ನೀರುಪಾಲಾಗುವುದರಲ್ಲಿತ್ತು. ಅರ್ಲ್ ನಡುವೆ ಬಂದು, ವಯಸ್ಸಿನ ಬಗ್ಗೆ ಅಂಥ ನಿಯಮವೇ ಇಲ್ಲವೆಂದು ವಾದಿಸಿದರು. ಸೆನೆಟ್ ಒಪ್ಪಿತು. 1812ರಲ್ಲಿ ಬ್ಯಾರಿ ಎಂ.ಡಿ. ಪದವಿ ಪಡೆದರು. ತೊಡೆಸಂದಿನ ಹರ್ನಿಯಾ ಕುರಿತ ಅವರ ಪ್ರಬಂಧವನ್ನು ಮಿರಾಂಡ ಮತ್ತು ಅರ್ಲ್ ಇಬ್ಬರಿಗೂ ಅರ್ಪಿಸಿದ್ದರು.

ಇಲ್ಲಿ ಒಂದು ಲೆಕ್ಕ ನೋಡಿ. ಅದೇ ಎಡಿನ್‌ಬರ್ಗಿನಲ್ಲಿ 7 ಮಂದಿ ಹೆಣ್ಣುಮಕ್ಕಳು ಹೆಣ್ಣುಮಕ್ಕಳಾಗಿಯೇ ವೈದ್ಯಕೀಯಕ್ಕೆ ಸೇರಿದ್ದು 1869ರಲ್ಲಿ, ಬ್ಯಾರಿ ಪದವಿ ಪಡೆದು 57 ವರ್ಷಗಳ ಮೇಲೆ. ಗಲಭೆ, ಕೋರ್ಟು, ಕಚೇರಿ ಎಲ್ಲ ಆಗಿ, ಕೊನೆಗೂ ಅವರಿಗೆ ಆ ವಿಶ್ವವಿದ್ಯಾಲಯ ಪದವಿ ಕೊಡಲಿಲ್ಲ. ಕಾಲೇಜಿಗೆ ಬೇಕಾದ ಬುದ್ಧಿ ಬ್ಯಾರಿಯಲ್ಲಿ ಇತ್ತು ಎನ್ನುವುದಕ್ಕೆ ಪದವಿಯೇ ಸಾಕ್ಷಿ. ನಿಜ ಹೇಳಿದ್ದರೆ ಆ ಬುದ್ಧಿಯನ್ನು ಪರೀಕ್ಷಿಸುವ ಗೋಜಿಗೇ ಅವರು ಹೋಗುತ್ತಿರಲಿಲ್ಲ.

ಓದು ಮುಗಿದ ಮೇಲೆ ಮಿರಾಂಡ ಅವರ ಜೊತೆ ವೆನೆಜುವೆಲಾಕ್ಕೆ ಹೋಗಿ ವೈದ್ಯಕೀಯ ಮಾಡುವ ಯೋಚನೆ ಇದ್ದಿರಬೇಕು ಎಂದು ಜೀವನಚರಿತ್ರೆ ಬರೆದ ಕೆಲವರು ಹೇಳುತ್ತಾರೆ. ಆದರೆ ಬ್ಯಾರಿ ಪದವಿ ಪಡೆದ 1812ರಲ್ಲೇ ಅಲ್ಲಿ ಕ್ರಾಂತಿ ಸೋತಿತು, ಮಿರಾಂಡ ಸ್ಪೇನಿನವರ ಕೈಗೆ ಸಿಕ್ಕಿಬಿದ್ದರು. 1816ರಲ್ಲಿ ಸೆರೆಮನೆಯಲ್ಲೇ ತೀರಿಕೊಂಡರು. ಬ್ಯಾರಿ ಲಂಡನ್ನಿಗೆ ಮರಳಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಕಲಿತರು. 1813ರಲ್ಲಿ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಪರೀಕ್ಷೆ ಮುಗಿಸಿ ಅದೇ ವರ್ಷ ಸೇನೆಯ ವೈದ್ಯಕೀಯ ವಿಭಾಗ ಸೇರಿದರು. ಅಲ್ಲಿಂದ ಸುಮಾರು 46 ವರ್ಷ ಸೇನೆಯೇ ಮನೆ.

1816ರಲ್ಲಿ ಅವರನ್ನು ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ಗೆ ಕಳಿಸಿದರು. ಅಲ್ಲಿನ ಗವರ್ನರ್ ಲಾರ್ಡ್ ಚಾರ್ಲ್ಸ್ ಸಾಮರ್ಸೆಟ್ ಅವರ ಮನೆವೈದ್ಯರಾದರು, ಆಪ್ತರೂ ಆದರು. 1822ರಲ್ಲಿ ಇಡೀ ವಸಾಹತಿನ ವೈದ್ಯಕೀಯ ಪರಿವೀಕ್ಷಕರ ಹುದ್ದೆ ಸಿಕ್ಕಿತು. ಆ ಹುದ್ದೆಯಲ್ಲಿ ಕೂತು ಬ್ಯಾರಿ ಬರೀ ಸಹಿ ಹಾಕಲಿಲ್ಲ. ಊರಿನ ಕುಡಿಯುವ ನೀರು ಶುದ್ಧವಾಗಬೇಕು ಎಂದರು. ಓದಿಲ್ಲದವರು ಔಷಧ ಮಾರಕೂಡದು ಎಂದು ಕಟ್ಟುನಿಟ್ಟು ಮಾಡಿದರು. ಸೆರೆಮನೆಗೆ ಹೋಗಿ ಕೈದಿಗಳು ಮಲಗುವ ಜಾಗ ನೋಡಿದರು. ಕುಷ್ಠರೋಗಿಗಳ ಆಶ್ರಯಧಾಮಕ್ಕೆ ಹೋಗಿ, ಅವರಿಗೆ ಒಳ್ಳೆಯ ಊಟ, ಶುಚಿಯಾದ ಹಾಸಿಗೆ, ಕರುಣೆಯ ಮಾತು ಸಿಗಬೇಕು ಎಂದು ನಿಯಮ ಬರೆದರು. ಸಮಾಜ ದೂರ ಇಟ್ಟವರ ಬಳಿಗೆ ಬ್ಯಾರಿ ಮತ್ತೆ ಮತ್ತೆ ಹೋಗುತ್ತಿದ್ದುದನ್ನು ಓದುವಾಗ, ಅವರಿಗೆ ಅದರ ನೋವು ಒಳಗಿನಿಂದಲೇ ಗೊತ್ತಿತ್ತೇನೋ ಅನ್ನಿಸುತ್ತದೆ.

ಇಷ್ಟೆಲ್ಲ ಮಾಡಿದರೆ ಶತ್ರುಗಳು ಹುಟ್ಟದೆ ಇರುತ್ತಾರೆಯೇ. ಔಷಧ ಮಾರಾಟದವರಿಗೆ ಕೋಪ, ಅಧಿಕಾರಿಗಳಿಗೆ ಕೋಪ. 1824ರಲ್ಲಿ ಕೇಪ್‌ಟೌನಿನ ಬೀದಿಯಲ್ಲಿ, ಗವರ್ನರ್ ಮತ್ತು ಬ್ಯಾರಿ ನಡುವೆ ಕೆಟ್ಟ ಸಂಬಂಧವಿದೆ ಎಂದು ಸಾರುವ ಒಂದು ಭಿತ್ತಿಪತ್ರ ಕಾಣಿಸಿಕೊಂಡಿತು. ಗಂಡಸರಿಬ್ಬರ ನಡುವಿನ ಸಂಬಂಧಕ್ಕೆ ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮರಣದಂಡನೆ ಇತ್ತು. ಯಾರು ಅಂಟಿಸಿದರೆಂದು ಹುಡುಕಿದರೂ ಸಿಗಲಿಲ್ಲ. ಬ್ಯಾರಿಯ ಸಂಕಟ ಯೋಚಿಸಿ. ಆ ಆರೋಪದಿಂದ ಪಾರಾಗಲು ತನ್ನ ದೇಹದ ನಿಜ ಹೇಳಬಹುದಿತ್ತು. ಹೇಳಿದರೆ ಪದವಿ, ಹುದ್ದೆ, ಹೆಸರು ಎಲ್ಲವೂ ಹೋಗುತ್ತದೆ. ಅವರು ಬಾಯಿ ಮುಚ್ಚಿಕೊಂಡು ಕೆಲಸ ಮುಂದುವರಿಸಿದರು. ಮರುವರ್ಷ ಪರಿವೀಕ್ಷಕರ ಹುದ್ದೆಯನ್ನೇ ರದ್ದು ಮಾಡಲಾಯಿತು.

ಆದರೂ ಜನ ಅವರ ಕೈಗುಣವನ್ನು ನಂಬಿದ್ದರು. 1826ರ ಜುಲೈ ತಿಂಗಳ ಒಂದು ರಾತ್ರಿ ಮುನ್ನಿಕ್ ಎಂಬ ಮನೆತನದಿಂದ ಕರೆ ಬಂತು. ವಿಲ್ಹೆಲ್ಮಿನಾ ಮುನ್ನಿಕ್ ಹೆರಿಗೆ ನೋವಿನಲ್ಲಿದ್ದರು, ಮಗು ಹೊರಬರುತ್ತಿರಲಿಲ್ಲ. ಉಳಿದದ್ದು ಹೊಟ್ಟೆ ಕೊಯ್ದು ಮಗುವನ್ನು ತೆಗೆಯುವ ದಾರಿ. ಇವತ್ತು ಕುಂದಾಪುರದ ಯಾವ ಆಸ್ಪತ್ರೆಯಲ್ಲೂ ಸಿಸೇರಿಯನ್ ಎಂದರೆ ದಿನನಿತ್ಯದ ಮಾತು. ಅಂದು ಮೂರ್ಛೆ ಬರಿಸುವ ಔಷಧಿ ಇನ್ನೂ ಬಳಕೆಗೆ ಬಂದಿರಲಿಲ್ಲ, ಅದಕ್ಕೆ ಇನ್ನೂ 20 ವರ್ಷ ಬೇಕಿತ್ತು. ಗಾಯ ಕೀವಾಗದಂತೆ ತಡೆಯುವ ವಿದ್ಯೆ ಬಂದದ್ದು ಇನ್ನೂ ಆಮೇಲೆ. ಹಾಗೆ ಕೊಯ್ದರೆ ತಾಯಿ ಬದುಕುವುದು ತೀರಾ ಅಪರೂಪ. ಬ್ಯಾರಿ ಕೈ ನಡುಗದೆ ಕೆಲಸ ಮುಗಿಸಿದರು. ತಾಯಿಯೂ ಉಳಿದರು, ಮಗುವೂ ಉಳಿಯಿತು. ಆಫ್ರಿಕಾದಲ್ಲಿ ಯುರೋಪಿನ ವೈದ್ಯರೊಬ್ಬರು ಮಾಡಿ ಇಬ್ಬರೂ ಬದುಕುಳಿದ ಮೊದಮೊದಲ ಸಿಸೇರಿಯನ್‌ಗಳಲ್ಲಿ ಅದೂ ಒಂದು. ಮನೆಯವರು ಮಗುವಿಗೆ ಜೇಮ್ಸ್ ಬ್ಯಾರಿ ಮುನ್ನಿಕ್ ಎಂದು ಹೆಸರಿಟ್ಟರು. ಆ ಹೆಸರು ಅಲ್ಲಿಗೇ ನಿಲ್ಲಲಿಲ್ಲ. 1924ರಲ್ಲಿ ದಕ್ಷಿಣ ಆಫ್ರಿಕಾದ ಪ್ರಧಾನಿಯಾದ ಹೆರ್ಟ್ಸೋಗ್ ಅವರ ಪೂರ್ತಿ ಹೆಸರು ಜೇಮ್ಸ್ ಬ್ಯಾರಿ ಮುನ್ನಿಕ್ ಹೆರ್ಟ್ಸೋಗ್. ಯಾವ ಹೆಸರನ್ನು ಸುಳ್ಳು ಎಂದು ಲೋಕ ಆಡಿಕೊಂಡಿತೋ ಅದೇ ಹೆಸರು ಇನ್ನೊಬ್ಬರ ಮನೆಯಲ್ಲಿ ಕೃತಜ್ಞತೆಯಿಂದ ಬೆಳೆಯಿತು.

ಕೇಪ್ ಬಿಟ್ಟ ಮೇಲೆ ಮಾರಿಷಸ್, ಜಮೈಕಾ, ಸೇಂಟ್ ಹೆಲೆನಾ, ವೆಸ್ಟ್ ಇಂಡೀಸ್‌ನ ದ್ವೀಪಗಳು, ಮಾಲ್ಟಾ, ಕೊರ್ಫು ಎಂದು ಸುತ್ತಾಟ ನಡೆಯಿತು. ಹೋದಲ್ಲೆಲ್ಲ ಚರಂಡಿ, ನೀರು, ಅಡುಗೆಮನೆ, ಹಾಸಿಗೆ ಇವೇ ಅವರ ಮೊದಲ ಪ್ರಶ್ನೆ. ಹೋದಲ್ಲೆಲ್ಲ ಜಗಳವೂ ಆಯಿತು. ಇದನ್ನು ಮುಚ್ಚಿಡಬಾರದು. ಬ್ಯಾರಿ ಸಿಡುಕಿನ ಮನುಷ್ಯ. ಮೇಲಧಿಕಾರಿಗಳಿಗೆ ನೇರವಾಗಿ ಪತ್ರ ಬರೆದು ಮೈಮೇಲೆ ಎಳೆದುಕೊಳ್ಳುತ್ತಿದ್ದರು. ಕೇಪ್‌ನಲ್ಲಿದ್ದಾಗ ಒಬ್ಬ ಸೇನಾಧಿಕಾರಿಯ ಜೊತೆ ಪಿಸ್ತೂಲಿನ ದ್ವಂದ್ವಯುದ್ಧವನ್ನೂ ಮಾಡಿದ್ದರು. ಅದೃಷ್ಟಕ್ಕೆ ಇಬ್ಬರೂ ಬದುಕಿದರು. ಸೇಂಟ್ ಹೆಲೆನಾದಲ್ಲಿ ಸೇನಾ ನ್ಯಾಯಾಲಯದ ಮುಂದೆ ನಿಂತು ನಿರ್ದೋಷಿಯಾಗಿ ಹೊರಬಂದರು. ಕ್ರಿಮಿಯಾ ಯುದ್ಧದ ಕಾಲದಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅವರನ್ನು ಎಲ್ಲರೆದುರು ಗದರಿದರು. ಆ ಅವಮಾನವನ್ನು ನೈಟಿಂಗೇಲ್ ಕೊನೆಯವರೆಗೂ ಮರೆಯಲಿಲ್ಲ. ಇಬ್ಬರೂ ಗಾಯಾಳುಗಳ ಶುಚಿತ್ವಕ್ಕಾಗಿಯೇ ಹೋರಾಡಿದವರು ಎನ್ನುವುದು ವಿಚಿತ್ರ.

ಆ ಸಿಡುಕಿನ ಹಿಂದೆ ಏನಿತ್ತು ಎಂದು ನಾನು ಯೋಚಿಸಿದ್ದೇನೆ. ದಿನದ 24 ಗಂಟೆಯೂ ಎಚ್ಚರದಲ್ಲಿರಬೇಕಾದವರಿಗೆ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲು ಆಗುವುದಿಲ್ಲ. ಬ್ಯಾರಿ ಮಾಂಸ, ಮದ್ಯ ಮುಟ್ಟುತ್ತಿರಲಿಲ್ಲ. ಹಾಲಿಗೆಂದು ಆಡು ಸಾಕಿಕೊಂಡಿದ್ದರು. ಸೈಕಿ ಎಂಬ ಪುಟ್ಟ ನಾಯಿ ಜೊತೆಗಿರುತ್ತಿತ್ತು. ಜಾನ್ ಎಂಬ ಕಪ್ಪುವರ್ಣದ ಸೇವಕ ವರ್ಷಾನುಗಟ್ಟಲೆ ಅವರ ಬೆನ್ನಿಗಿದ್ದ. ಅಷ್ಟೇ ಅವರ ಸಂಸಾರ. ಸಾಮಾನ್ಯರಿಗೆ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ನಿರಾಳ. ಬ್ಯಾರಿಗೆ ಬಾಗಿಲು ಹಾಕುವುದೂ ಒಂದು ಕೆಲಸವಾಗಿತ್ತು.

1857ರಲ್ಲಿ ಅವರನ್ನು ಕೆನಡಾಕ್ಕೆ ಕಳಿಸಿದರು. ಹುದ್ದೆ ಆಸ್ಪತ್ರೆಗಳ ಇನ್‌ಸ್ಪೆಕ್ಟರ್ ಜನರಲ್, ಸೇನಾ ವೈದ್ಯರು ಏರಬಹುದಾದ ಬಹಳ ಎತ್ತರದ ಮೆಟ್ಟಿಲು. ದಿನವೂ ಬೇಯಿಸಿದ ಮಾಂಸವನ್ನೇ ತಿಂದು ಬೇಸತ್ತಿದ್ದ ಸೈನಿಕರಿಗೆ ಬೇರೆ ಬಗೆಯ ಅಡುಗೆ ಸಿಗುವಂತೆ ಮಾಡಿದರು. ಹುಲ್ಲಿನ ಹಾಸಿಗೆಯ ಬದಲು ಮೆತ್ತನೆಯ ಹಾಸಿಗೆ ಕೊಡಿಸಿದರು. ಮದುವೆಯಾದ ಸೈನಿಕರಿಗೆ ಬೇರೆ ಕೋಣೆ ಬೇಕೆಂದು ಹಟ ಹಿಡಿದರು. ತಾನು ಎಂದೂ ಕಾಣದ ಸಂಸಾರದ ಮರ್ಯಾದೆಯನ್ನು ಬೇರೆಯವರಿಗೆ ಕೊಡಿಸಿದರು. ಆದರೆ ಅಲ್ಲಿನ ಚಳಿ ವಯಸ್ಸಾದ ದೇಹಕ್ಕೆ ಒಗ್ಗಲಿಲ್ಲ. 1859ರಲ್ಲಿ, ಇಷ್ಟವಿಲ್ಲದಿದ್ದರೂ, ಆರೋಗ್ಯದ ಕಾರಣಕ್ಕೆ ನಿವೃತ್ತರಾದರು.

1865ರ ಜುಲೈ 25ರಂದು ಲಂಡನ್ನಿನ ಬಾಡಿಗೆ ಮನೆಯಲ್ಲಿ, ಆಮಶಂಕೆ ರೋಗದಿಂದ ಡಾ. ಬ್ಯಾರಿ ತೀರಿಕೊಂಡರು. ತನ್ನ ದೇಹವನ್ನು ಯಾರೂ ತೆರೆದು ನೋಡಬಾರದು, ಉಟ್ಟ ಬಟ್ಟೆಯಲ್ಲೇ ಹೂಳಬೇಕು ಎಂದು ಕೇಳಿಕೊಂಡಿದ್ದರು ಎನ್ನುತ್ತಾರೆ. ಆ ಮಾತು ನಡೆಯಲಿಲ್ಲ. ದೇಹ ತೊಳೆದ ಸೋಫಿಯಾ ಬಿಷಪ್ ಎಂಬ ಕೆಲಸದಾಕೆ ತಾನು ಕಂಡದ್ದನ್ನು ಇಟ್ಟುಕೊಂಡು ಹಣ ಕೇಳಿದಳು. ಮರಣಪತ್ರದಲ್ಲಿ ಗಂಡು ಎಂದು ಬರೆದಿದ್ದ ವೈದ್ಯ ಮೆಕಿನನ್, ಬ್ಯಾರಿ ಗಂಡೋ ಹೆಣ್ಣೋ ಎನ್ನುವುದು ತನಗೆ ಸಂಬಂಧಿಸಿದ ವಿಷಯವಲ್ಲ ಎಂದು ಕೈತೊಳೆದುಕೊಂಡರು. ಆಗಸ್ಟ್ ಹೊತ್ತಿಗೆ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 50 ವರ್ಷದ ಕೆಲಸ ಒಂದು ಕಡೆ, ಸತ್ತ ಮೇಲಿನ ಒಂದು ಗುಸುಗುಸು ಇನ್ನೊಂದು ಕಡೆ. ಜನಕ್ಕೆ ಎರಡನೆಯದೇ ರುಚಿಸಿತು. ಸೇನೆ ಮುಜುಗರಪಟ್ಟು ಬ್ಯಾರಿಯ ಕಡತಗಳನ್ನು ಮುಚ್ಚಿಟ್ಟಿತು. 1950ರ ದಶಕದಲ್ಲಿ ಇಸೊಬೆಲ್ ರೇ ಎಂಬ ಇತಿಹಾಸಕಾರ್ತಿ ಆ ಕಡತಗಳನ್ನು ತೆರೆದು ಓದುವವರೆಗೂ ಗಾಳಿಮಾತೇ ಚರಿತ್ರೆಯಾಗಿತ್ತು.

ಇನ್ನೂ ಒಂದು ಸಂಗತಿ ಇದೆ. ಬ್ಯಾರಿ ಎಡಿನ್‌ಬರ್ಗ್ ತಲುಪಿದ ಕೆಲವೇ ದಿನಗಳಲ್ಲಿ, 1809ರ ಡಿಸೆಂಬರ್ 14ರಂದು, ಲಂಡನ್ನಿನಲ್ಲಿದ್ದ ತಮ್ಮ ವಕೀಲರಿಗೆ ಒಂದು ಪತ್ರ ಬರೆದಿದ್ದರು. ಸಹಿ ಹೊಸ ಹೆಸರಿನದು. ವಕೀಲರು ತಮ್ಮ ಅಭ್ಯಾಸದಂತೆ ಪತ್ರದ ಹೊರಮೈಯಲ್ಲಿ, ಯಾರಿಂದ ಬಂತು ಎಂದು ಹಳೆಯ ಹೆಸರನ್ನು ಗುರುತು ಹಾಕಿಟ್ಟರು. ಸುಮಾರು 200 ವರ್ಷಗಳ ಬಳಿಕ ಮೈಕೆಲ್ ದು ಪ್ರೀಜ್ ಎಂಬ ವೈದ್ಯ ಆ ಗುರುತನ್ನು ಪತ್ತೆಹಚ್ಚಿ, ಹಳೆಯ ಮತ್ತು ಹೊಸ ಪತ್ರಗಳ ಕೈಬರಹ ಹೋಲಿಸಿ, ಇಬ್ಬರೂ ಒಬ್ಬರೇ ಎಂದು ತೋರಿಸಿಕೊಟ್ಟರು. ವಕೀಲರಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಅವರದು ಕಡತ ಸರಿಯಾಗಿಡುವ ಅಭ್ಯಾಸ, ಅಷ್ಟೇ. ನನ್ನದೂ ಅಭ್ಯಾಸವೇ ಆಗಿತ್ತು, ಅಂಕಪಟ್ಟಿ ಜೋರಾಗಿ ಓದುವುದು.

ಬ್ಯಾರಿ ಓದುವ ಆಸೆಗಾಗಿ ಗಂಡುವೇಷ ತೊಟ್ಟ ಹೆಣ್ಣೇ, ಅಥವಾ ಒಳಗಿನಿಂದಲೂ ಗಂಡೇ ಆಗಿದ್ದರೇ ಎಂದು ಇತಿಹಾಸಕಾರರು ಇಂದಿಗೂ ವಾದ ಮಾಡುತ್ತಾರೆ. ಇಬ್ಬರ ವಾದಕ್ಕೂ ಆಧಾರಗಳಿವೆ. ಪದವಿ ಸಿಕ್ಕ ಮೇಲೂ, ಯಾರೂ ಗುರುತಿಸದ ದೂರದ ದ್ವೀಪಗಳಲ್ಲೂ, ನಿವೃತ್ತಿಯ ನಂತರವೂ ಅವರು ಜೇಮ್ಸ್ ಆಗಿಯೇ ಇದ್ದರು. ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದ ಕಲ್ಲಿನ ಮೇಲೂ ಅದೇ ಹೆಸರು, ಅದೇ ಹುದ್ದೆ ಇದೆ. ಇದನ್ನು ಬರೆಯುವಾಗ ನಮ್ಮ ಕನ್ನಡಕ್ಕೆ ಕೈಮುಗಿಯಬೇಕು ಅನ್ನಿಸಿತು. ಅವರು ಎಂಬ ಒಂದು ಮಾತಿನಲ್ಲಿ ಗಂಡು ಹೆಣ್ಣು ಎಂಬ ಪ್ರಶ್ನೆಯೇ ಏಳುವುದಿಲ್ಲ, ಮರ್ಯಾದೆ ಮಾತ್ರ ಇರುತ್ತದೆ.

ನಾವು ಬಯಲಾಟದ ನಾಡಿನವರು. ಚೌಕಿಯಲ್ಲಿ ಬಣ್ಣ ಹಚ್ಚಿಕೊಂಡು ಬಂದ ಸ್ತ್ರೀವೇಷಕ್ಕೆ ಬೆಳಗಿನ ಜಾವದವರೆಗೂ ತಲೆದೂಗುತ್ತೇವೆ. ಅದು ಕಲೆ, ಬೆಳಗಾದರೆ ಕಳಚಿಡುವ ವೇಷ. ಕಳಚಿಡಲಾಗದ ನಿಜವನ್ನೇ ಹೊತ್ತು ಹಗಲಿನಲ್ಲಿ ನಡೆದು ಬಂದವರನ್ನು ಕಂಡರೆ ಮಾತ್ರ ನಮಗೆ ನಗು ಬರುತ್ತದೆ. ನನ್ನ ಅಂಗಡಿಯಲ್ಲಿ ಆ ಸಂಜೆ ಆದದ್ದೂ ಅದೇ.

ಬ್ಯಾರಿಯ ಕಾಲಕ್ಕೂ ನಮ್ಮ ಕಾಲಕ್ಕೂ ವ್ಯತ್ಯಾಸ ಇಲ್ಲದಿಲ್ಲ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಲಿಂಗತ್ವ ಅಲ್ಪಸಂಖ್ಯಾತರಿಗೆ ಗಂಡು, ಹೆಣ್ಣು ಅಲ್ಲದೆ ಮೂರನೆಯ ಗುರುತಿನ ಹಕ್ಕೂ ಇದೆ ಎಂದು ತೀರ್ಪು ಕೊಟ್ಟಿತು. 2019ರ ಕಾಯ್ದೆ ಶಾಲೆ ಕಾಲೇಜುಗಳಲ್ಲಿ ಅವರಿಗೆ ಭೇದ ಮಾಡಬಾರದೆಂದು ಹೇಳಿತು, ಜಿಲ್ಲಾಧಿಕಾರಿಯಿಂದ ಗುರುತಿನ ಪ್ರಮಾಣಪತ್ರ ಪಡೆಯುವ ದಾರಿ ಮಾಡಿತು. 2021ರಲ್ಲಿ ಕರ್ನಾಟಕ ಸರ್ಕಾರ ನೇರ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ತಂದಿತು. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಕೆಲಸ ಹುಡುಕುತ್ತಿರುವ ಗೆಳೆಯರು ಇದನ್ನು ತಿಳಿದಿರಬೇಕು. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್, ಜನನ ಪ್ರಮಾಣಪತ್ರದಲ್ಲಿ ಹಳೆಯ ಹೆಸರು, ಲಿಂಗದ ಜೊತೆ ಹೊಸದನ್ನೂ ದಾಖಲಿಸಿ ಕೊಡಬೇಕೆಂದು ಹೇಳಿತು. ನಿಯಮಗಳು ಬದಲಾಗುತ್ತಿರುತ್ತವೆ. ಅರ್ಜಿ ಹಾಕುವ ಮೊದಲು ಕಾಲೇಜಿನ ಕಚೇರಿಯಲ್ಲೂ ಜಿಲ್ಲಾ ಕಚೇರಿಯಲ್ಲೂ ಒಮ್ಮೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ಆದರೆ ಆ ಸಂಜೆಯ ಪ್ರಶ್ನೆಗೆ ಉತ್ತರ ಇಷ್ಟು: ಮೂರನೆಯ ಆಯ್ಕೆ ಒತ್ತಿದ ಕಾರಣಕ್ಕೆ ಸೀಟು ನಿರಾಕರಿಸುವ ಹಾಗಿಲ್ಲ.

ಕಾನೂನು ಕಾಲೇಜಿನ ಬಾಗಿಲು ತೆರೆದಿದೆ. ಬಾಗಿಲಿಗೆ ಬರುವ ಮೊದಲು ಅವರು ದಾಟಬೇಕಾದ ಮೆಟ್ಟಿಲುಗಳಲ್ಲಿ ನಾವೆಲ್ಲ ಕೂತಿರುತ್ತೇವೆ. ಅರ್ಜಿ ತುಂಬುವ ನಾನು, ಸಾಲಿನಲ್ಲಿ ನಿಂತು ನಗುವವರು, ಹಾಜರಿ ಕೂಗುವವರು, ಹಾಸ್ಟೆಲಿನಲ್ಲಿ ಪಕ್ಕದ ಮಂಚದವರು. ಬ್ಯಾರಿಗೆ ಒಬ್ಬ ಅರ್ಲ್ ಸಿಕ್ಕಿದರು, ಒಂದು ತಕರಾರಿನ ದಿನ ಪಕ್ಕಕ್ಕೆ ಬಂದು ನಿಂತರು. ಎಲ್ಲರಿಗೂ ಅರ್ಲ್ ಸಿಗುವುದಿಲ್ಲ. ಪಕ್ಕದಲ್ಲಿ ಇರುವ ನಾವೇ ಆಗಬೇಕು.

ಮರುದಿನ ನಾನು ಅಂಗಡಿಯ ಮಾನಿಟರನ್ನು ಗೋಡೆಯ ಕಡೆಗೆ ತಿರುಗಿಸಿ, ಬಂದವರ ಕುರ್ಚಿಯನ್ನು ಅದರೆದುರು ಹಾಕಿದೆ. ಈಗ ಹೆಸರು, ಲಿಂಗದ ಸಾಲುಗಳನ್ನು ಬಂದವರೇ ತುಂಬುತ್ತಾರೆ. ನಾನು ಜೋರಾಗಿ ಓದುವುದನ್ನು ಬಿಟ್ಟಿದ್ದೇನೆ. ಸ್ವಲ್ಪ ತಡವಾಗುತ್ತದೆ, ಸಾಲು ಉದ್ದವಾಗುತ್ತದೆ, ಕೆಲವರು ಗೊಣಗುತ್ತಾರೆ.

ಕೊನೆಯ ದಿನಾಂಕಕ್ಕೆ ಎರಡು ದಿನ ಇರುವಾಗ ಅವರು ಮತ್ತೆ ಬಂದರು. ನಾನು ತಪ್ಪಾಯಿತು ಎಂದೆ. ಕೇಳಿದ ಪ್ರಶ್ನೆಗೆ ನನಗೆ ತಿಳಿದ ಉತ್ತರ ಹೇಳಿದೆ. ಕೀಬೋರ್ಡ್ ಅವರ ಕಡೆಗೆ ತಳ್ಳಿ ಜೆರಾಕ್ಸ್ ಯಂತ್ರದ ಹತ್ತಿರ ಹೋಗಿ ನಿಂತೆ. ಅವರು ಬಹಳ ಹೊತ್ತು ತೆಗೆದುಕೊಂಡು ತುಂಬಿದರು. ರಸೀದಿ ಪ್ರಿಂಟರಿನಿಂದ ಹೊರಬಂದಾಗ ಅದನ್ನು ಓದದೆ ಮಡಚಿ ಅವರ ಕೈಗೆ ಕೊಟ್ಟೆ.